ಅಳಿಯನ ಗಾಡಿಗೆ ಹಳದಿ ಗೆರೆ

ಹಲ್ಲಿನ ಡಾಕ್ಟರು ಮೋಟರ್ ಸೈಕಲ್ ಬಿಚ್ಚಬಾರದು ಎಂದು ಯಾವ ಕಾನೂನಿನಲ್ಲೂ ಬರೆದಿಲ್ಲ. ಬರೆಯಬೇಕಿತ್ತು. ಕಾನೂನು ಬರೆದವರಿಗೆ ನನ್ನ ಅಳಿಯನಂಥ ಅಳಿಯ ಇರಲಿಲ್ಲವೆಂದು ಕಾಣುತ್ತದೆ.

ಮನೆಯ ಮಹಡಿಯಲ್ಲಿ ನಾನು, ನನ್ನ ಹೆಂಡತಿ. ಕೆಳಗೆ ಮಗಳು, ಅಳಿಯ. ಪಕ್ಕದಲ್ಲಿ ತಗಡಿನ ಬಾಗಿಲಿನ ಒಂದು ಶೆಡ್ಡು. ನಮ್ಮ ಅಡುಗೆಮನೆಯ ಕಿಟಕಿ ನೇರ ಆ ಶೆಡ್ಡಿನ ಬಾಗಿಲಿಗೇ ಮುಖ ಮಾಡಿದೆ, ಹಾಗಾಗಿ ನಾನು ಕದ್ದು ನೋಡಿದೆ ಎಂದು ಯಾರೂ ಹೇಳುವಂತಿಲ್ಲ. ಕಿಟಕಿ ಇದ್ದ ಮೇಲೆ ಕಣ್ಣು ಹೋಗುತ್ತದೆ. ಕಣ್ಣು ಹೋದ ಮೇಲೆ ನಾಲಿಗೆ ಸುಮ್ಮನಿರುವುದಿಲ್ಲ. ಎದುರಿಗೆ ಸಿಕ್ಕಾಗ ಅಳಿಯನಿಗೆ ‘ನೀವು’, ‘ಡಾಕ್ಟ್ರೇ’ ಎಂದೆಲ್ಲ ಮರ್ಯಾದೆ ಕೊಡುತ್ತೇನೆ. ಕಿಟಕಿಯಲ್ಲಿ ನಿಂತಾಗ ಅವನು ‘ಅವನು’.

ನಾನು ನಗರದ ಬಸ್ ಡಿಪೋದಲ್ಲಿ ಮೂವತ್ತೊಂದು ವರ್ಷ ಬ್ರೇಕಿನ ಕೆಲಸ ಮಾಡಿದವನು. ನಮ್ಮಲ್ಲಿ ಒಂದು ಕಟ್ಟುನಿಟ್ಟು ಇತ್ತು. ಬೋಲ್ಟು ಬಿಗಿ ಮಾಡಿದವನು ತಾನೇ ಅದಕ್ಕೆ ಗುರುತು ಹಾಕುವಂತಿಲ್ಲ. ಇನ್ನೊಬ್ಬ ಬರಬೇಕು, ಮತ್ತೆ ರೆಂಚ್ ಹಾಕಬೇಕು, ಅಲುಗಲಿಲ್ಲ ಎಂದು ಖಾತ್ರಿಯಾದ ಮೇಲೆ ಬೋಲ್ಟಿನ ತಲೆಯಿಂದ ಪಕ್ಕದ ಕಬ್ಬಿಣಕ್ಕೆ ಹಳದಿ ಬಣ್ಣದಲ್ಲಿ ಒಂದು ಗೆರೆ ಎಳೆಯಬೇಕು. ಬಿಗಿ ಮಾಡುವ ಕೈ ಒಂದು, ನೋಡುವ ಕೈ ಇನ್ನೊಂದು. ಕೊನೆಯ ಹದಿನೆಂಟು ವರ್ಷ ಆ ನೋಡುವ ಕೈ ನನ್ನದು. ಡ್ರೈವರುಗಳು ನನ್ನನ್ನು ‘ಹಳದಿ ಮೇಸ್ತ್ರಿ’ ಎಂದು ಕರೆಯುತ್ತಿದ್ದರು. ಗೆರೆ ಕಾಣದಿದ್ದರೆ ಬಸ್ಸು ಹತ್ತುತ್ತಲೇ ಇರಲಿಲ್ಲ. ಮನೆಯಲ್ಲಿ ಈ ಕತೆಯನ್ನು ಎಷ್ಟು ಸಲ ಹೇಳಿದ್ದೇನೆಂದರೆ, ನಾನು ಬಾಯಿ ತೆರೆದರೆ ಹೆಂಡತಿ ಉಳಿದದ್ದನ್ನು ತಾನೇ ಮುಗಿಸಿಬಿಡುತ್ತಾಳೆ.

ಹೋದ ವರ್ಷದವರೆಗೂ ಅಳಿಯ ತಕ್ಕಮಟ್ಟಿಗೆ ಬುದ್ಧಿ ಇದ್ದ ಮನುಷ್ಯನೇ. ಬೆಳಿಗ್ಗೆ ಎದ್ದು ಕ್ಲಿನಿಕ್ಕಿಗೆ ಹೋಗುವುದು, ಮಕ್ಕಳ ವಕ್ರ ಹಲ್ಲಿಗೆ ತಂತಿ ಕಟ್ಟುವುದು, ಸಂಜೆ ಬರುವುದು. ಹೋಗಿಬರಲು ಒಂದು ಕೆಂಪು ಮೋಟರ್ ಸೈಕಲ್ಲು. ನಾಲ್ಕು ವರ್ಷದ್ದು, ಒಂದು ಗೀರು ಇಲ್ಲ, ತೊಳೆದು ಒರೆಸಿ ಇಟ್ಟುಕೊಂಡದ್ದು. ಬಾಯಿ ತೆರೆದು ಕೂತ ಪೇಷಂಟು ಮಾತಾಡಲಾರ ಎಂದು ನಾನು ತಿಳಿದಿದ್ದೆ. ಒಬ್ಬ ಮಾತಾಡಿಬಿಟ್ಟ. ಊರಾಚೆ ರೇಸಿನ ಟ್ರ್ಯಾಕ್ ಇದೆ, ತಿಂಗಳಿಗೊಂದು ಭಾನುವಾರ ಯಾರು ಬೇಕಾದರೂ ತಮ್ಮ ಗಾಡಿ ತಂದು ಓಡಿಸಬಹುದು, ಬನ್ನಿ ಡಾಕ್ಟರೇ ನೋಡಿ ಎಂದ. ಇವನು ಹೋಗಿ ನೋಡಿ ಬಂದ. ಮರುದಿನವೇ ಶೆಡ್ಡಿನಲ್ಲಿ ಆ ಚೆಂದದ ಗಾಡಿಯನ್ನು ಎತ್ತಿ ನಿಲ್ಲಿಸಿ, ಸ್ಕ್ರೂಡ್ರೈವರ್ ಹಿಡಿದು ಅದರ ಸುತ್ತ ಮೂರು ಸುತ್ತು ಬಂದ. ಕೆಲಸವಿಲ್ಲದ ಬಡಗಿ ಮಗನ ಕುಂಡೆ ಕೆತ್ತಿದನಂತೆ. ಇವನಿಗೆ ಕೆಲಸ ಇತ್ತು, ಆದರೂ ಕೆತ್ತಲು ಹೊರಟ.

“ಟ್ರ್ಯಾಕಿಗೆ ಅಂತಾನೇ ರೆಡಿ ಮಾಡ್ತೀನಿ ಮಾವ,” ಎಂದ. “ಇನ್ಮೇಲೆ ರೋಡಿಗೆ ತರಲ್ಲ. ರೋಡಲ್ಲಿ ವೇಗವಾಗಿ ಹೋಗೋದಕ್ಕಿಂತ ಅದು ಸೇಫು.”

“ಹಲ್ಲು ನೋಯುತ್ತೆ ಅಂತ ತಲೆ ತೆಗೆಸ್ಕೊಂಡ ಹಾಗೆ,” ಎಂದೆ ನಾನು. ಅವನು ನಕ್ಕ. ಅವನ ತೊಂದರೆಯೇ ಅದು. ಏನು ಅಂದರೂ ನಗುತ್ತಾನೆ. ಬೈದವನಿಗೆ ಬೈದ ತೃಪ್ತಿಯೂ ಸಿಗುವುದಿಲ್ಲ.

ಮೊದಲು ಕಿತ್ತದ್ದು ಹೆಡ್‌ಲೈಟು. ಆಮೇಲೆ ಇಂಡಿಕೇಟರುಗಳು, ಹಾರನ್ನು, ನಂಬರ್ ಪ್ಲೇಟು, ಕನ್ನಡಿಗಳು. ಟ್ರ್ಯಾಕಿನಲ್ಲಿ ಗಾಜು ಒಡೆದು ಬೀಳಬಾರದಂತೆ, ಹಿಂದೆ ಯಾರು ಬರುತ್ತಿದ್ದಾರೆ ಎಂದು ನೋಡಬಾರದಂತೆ. ಹಿಂದೆ ನೋಡದೆ ಹೋಗುವುದನ್ನೂ ಕಲಿಯಬೇಕಾ ಇವನು! ಬಿಚ್ಚಿದ ಒಂದು ಕನ್ನಡಿಯನ್ನು ಮಗಳು ಹಿತ್ತಲಿನ ನಲ್ಲಿಯ ಪಕ್ಕ ಮೊಳೆಗೆ ಸಿಕ್ಕಿಸಿದಳು. ನಾನು ಗಡ್ಡ ಹೆರೆದುಕೊಳ್ಳಲಿ ಎಂದು. ಅದರಲ್ಲಿ ನನ್ನ ಮುಖ ದೂರದಲ್ಲಿ ಬರುತ್ತಿರುವ ಲಾರಿಯಂತೆ ಕಾಣುತ್ತಿತ್ತು.

ಆಮೇಲೆ ಪಕ್ಕದ ಸ್ಟ್ಯಾಂಡು ಕಿತ್ತ. ಕಿತ್ತ ಮೇಲೆ ಗಾಡಿ ಸ್ಟಾರ್ಟ್ ಆಗಲಿಲ್ಲ. ಎರಡು ದಿನ ಒದ್ದಾಡಿದ. ಬ್ಯಾಟರಿ ಬದಲಿಸಿದ, ಪ್ಲಗ್ ಬಿಚ್ಚಿದ, ಪುಸ್ತಕ ಓದಿದ, ತಲೆ ಕೆರೆದುಕೊಂಡ. ಸ್ಟ್ಯಾಂಡಿನ ಬುಡದಲ್ಲಿ ಒಂದು ಸ್ವಿಚ್ಚು ಇರುತ್ತದೆ. ಸ್ಟ್ಯಾಂಡ್ ಇಳಿಸಿಕೊಂಡೇ ಯಾರಾದರೂ ಹೊರಟುಬಿಟ್ಟಾರು ಎಂದು ಎಂಜಿನ್ನನ್ನು ತಡೆದು ಹಿಡಿಯುತ್ತದೆ. ಅದರ ವೈರು ಎರಡನ್ನೂ ಕೂಡಿಸಿದರೆ ಆಯಿತು. ನನಗೆ ಮೊದಲ ದಿನವೇ ಗೊತ್ತಿತ್ತು. ಹೇಳಲಿಲ್ಲ. ಕೇಳಿದರೆ ತಾನೆ ಹೇಳುವುದು? ಕಿಟಕಿಯಲ್ಲಿ ಕಾಫಿ ಕುಡಿಯುತ್ತ ನಿಂತು ನೋಡಿದೆ. ಮೂರನೇ ದಿನ ಅವನೇ ಕಂಡುಹಿಡಿದು, ಎಂಜಿನ್ ಗುರ್ ಎಂದಾಗ, ಮೇಲೆ ನೋಡಿ ನನಗೆ ಕೈ ಬೀಸಿದ. ನಾನು ಕಾಫಿ ಲೋಟ ತೊಳೆಯಲು ಹೋದೆ.

“ಗೊತ್ತಿದ್ದೂ ಹೇಳಲಿಲ್ಲ ಅಲ್ವಾ ನೀವು?” ಎಂದಳು ಹೆಂಡತಿ.

“ಹೊಡ್ಕೊಂಡು ಕಲೀಲಿ. ಹಾಗೆ ಕಲಿತದ್ದು ಮರೆಯಲ್ಲ.”

“ಆ ಗಾಡಿಗಲ್ಲ, ನಿಮ್ಮ ನಾಲಿಗೆಗೆ ಮೊದಲು ತಂತಿ ಕಟ್ಟಿಸ್ಬೇಕು,” ಎಂದಳು.

ತಂತಿಯ ವಿಷಯ ಹೇಳಬೇಕು. ಟ್ರ್ಯಾಕಿಗೆ ಹೋಗುವ ಗಾಡಿಯಲ್ಲಿ ಎಣ್ಣೆಯ ಮುಚ್ಚಳ, ಎಣ್ಣೆ ಇಳಿಸುವ ಬೋಲ್ಟು, ಬ್ರೇಕಿನ ಬೋಲ್ಟುಗಳು, ಇವಕ್ಕೆಲ್ಲ ತಲೆಯಲ್ಲಿ ಸಣ್ಣ ತೂತು ಕೊರೆದು, ಉಕ್ಕಿನ ತಂತಿ ಪೋಣಿಸಿ, ಹೊಸೆದು ಕಟ್ಟಬೇಕು. ತಿರುಗಿ ಬಿಚ್ಚಿಕೊಂಡು ಬೀಳಬಾರದು ಎಂದು. ಇವನು ಬೋಲ್ಟಿನ ತಲೆ ಕೊರೆಯಲು ಕ್ಲಿನಿಕ್ಕಿನಿಂದ ಹಲ್ಲು ಕೊರೆಯುವ ಸಣ್ಣ ಬಿಟ್ ತಂದ! ನಾನು ಹೊಟ್ಟೆ ಹುಣ್ಣಾಗುವಂತೆ ನಕ್ಕೆ. ಒಂದು ಸಂಜೆಯಲ್ಲಿ ಏಳು ಬಿಟ್ ಮುರಿದು, ಎಂಟನೆಯದು ಮುರಿಯುವ ಮುಂಚೆ ಸರಿಯಾದ ಡ್ರಿಲ್ಲು ತಂದ. ಆದರೆ ತಂತಿ ಹೊಸೆಯಲು ಕೂತಾಗ ಮಾತ್ರ ನನಗೆ ನಗಲಾಗಲಿಲ್ಲ. ದಿನವೂ ಮಕ್ಕಳ ಬಾಯೊಳಗೆ, ಕಾಣದ ಕಡೆ, ನಾಲಿಗೆ ತಪ್ಪಿಸಿ ತಂತಿ ಕಟ್ಟುವ ಕೈ ಅದು. ಪ್ರತಿ ಸುತ್ತೂ ಒಂದೇ ಅಳತೆ, ತುದಿ ಒಳಕ್ಕೆ ಮಡಿಸಿದ್ದು ಬೆರಳಿಗೆ ಚುಚ್ಚದ ಹಾಗೆ. ಡಿಪೋದಲ್ಲಿ ಅಂಥ ಕೈ ಒಂದೂ ಇರಲಿಲ್ಲ. ತಪ್ಪು ಸಿಗದೆ, “ಜಡೆ ಚೆನ್ನಾಗಿ ಹೆಣೀತೀರಿ ಡಾಕ್ಟ್ರೇ, ಹೂವೊಂದು ಕಮ್ಮಿ,” ಎಂದು ಹೇಳಿ ಬಂದೆ.

ಹೊಸ ಫೈಬರ್ ಮೈ ಬಂತು. ಎಲ್ಲಿಯೂ ಕೂರಲಿಲ್ಲ. ಉಜ್ಜಿದ, ಕತ್ತರಿಸಿದ, ತೂತನ್ನು ದೊಡ್ಡದು ಮಾಡಿದ, ದೊಡ್ಡದಾದ ತೂತನ್ನು ಮುಚ್ಚಿದ. ಒಂದು ದಿನ ಬಿಚ್ಚಿಟ್ಟ ಸ್ಕ್ರೂ ಒಂದು ನಮ್ಮ ಉಪ್ಪಿನ ಡಬ್ಬಿಯಲ್ಲಿ ಸಿಕ್ಕಿತು. ಅದು ಮಹಡಿ ಹತ್ತಿ ಬಂದದ್ದು ಹೇಗೆಂದು ಇವತ್ತಿಗೂ ಗೊತ್ತಿಲ್ಲ. ರೇಡಿಯೇಟರಿನ ಹಸಿರು ದ್ರವ ಚೆಲ್ಲಿದರೆ ಟ್ರ್ಯಾಕ್ ಜಾರುತ್ತದೆ ಎಂದು ಅದನ್ನು ಬಸಿದು ಬರೀ ನೀರು ತುಂಬಿದ. ನಾವು ಬಸ್ಸಿಗೆ ಹಾಕುತ್ತಿದ್ದದ್ದು ನೀರೇ. ಅದನ್ನು ಇವನು ಆರು ತಿಂಗಳ ಓದಿನ ನಂತರ ಕಂಡುಹಿಡಿದ. ಬ್ರೇಕ್ ಪ್ಯಾಡನ್ನು ಎರಡು ಸಲ ಉಲ್ಟಾ ಕೂರಿಸಿದ. ಹಿಂದಿನ ಚಕ್ರ ಕೂರಿಸಿ, ಎಲ್ಲ ಮುಗಿಯಿತು ಎಂದು ಕೈ ಒರೆಸಿಕೊಂಡಾಗ ನೆಲದ ಮೇಲೆ ಒಂದು ವಾಷರು ಉಳಿದಿತ್ತು. ಮತ್ತೆ ಬಿಚ್ಚಿದ. ನಾನು ಕಿಟಕಿಯಲ್ಲಿ ಇವನ್ನೆಲ್ಲ ಒಂದೊಂದಾಗಿ ಎಣಿಸಿ ಮನಸ್ಸಿನಲ್ಲಿ ಜೋಡಿಸಿಟ್ಟುಕೊಂಡೆ. ನಿವೃತ್ತಿಯಾದ ಮೇಲೆ ಇಷ್ಟು ಸುಖ ಪಟ್ಟದ್ದೇ ಇಲ್ಲ.

ಟ್ರ್ಯಾಕಿನ ಭಾನುವಾರಕ್ಕೆ ನಾಲ್ಕು ದಿನ ಇತ್ತು. ಅಳಿಯ ಮಹಡಿ ಹತ್ತಿ ಬಂದ. ಕೈಯಲ್ಲಿ ಹಳದಿ ಬಣ್ಣದ ಸಣ್ಣ ಬಾಟಲಿ, ಒಂದು ಬ್ರಷ್ಷು.

“ಮಾವ, ಒಂದು ಉಪಕಾರ ಆಗ್ಬೇಕಿತ್ತು. ಬ್ರೇಕಿಂದು, ಚಕ್ರದ್ದು, ಒಟ್ಟು ಹದಿನಾಲ್ಕು ಬೋಲ್ಟು. ನಾನೇ ಬಿಗಿ ಮಾಡಿದೀನಿ. ಎರಡನೇ ಕೈ ನಿಮ್ಮದಾಗ್ಲಿ ಅಂತ. ನೀವು ನೋಡಿ ಗೆರೆ ಎಳೆದ್ರೆ ಆಮೇಲೆ ತಂತಿ ಕಟ್ತೀನಿ.”

ಆರು ತಿಂಗಳಲ್ಲಿ ಅವನು ನನ್ನನ್ನು ಕೇಳಿದ್ದು ಅದೊಂದೇ. ಹೆಂಡತಿ ಪಾತ್ರೆ ಉಜ್ಜುವುದನ್ನು ನಿಲ್ಲಿಸಿ ನನ್ನ ಮುಖ ನೋಡಿದಳು. ಇಲ್ಲ ಎನ್ನಲು ಬಾಯಿ ಬರಲಿಲ್ಲ, ಹೂಂ ಎಂದು ಕೆಳಗಿಳಿದೆ.

ಶೆಡ್ಡಿಗೆ ಹೋದೆವೋ ಇಲ್ಲವೋ, ಅವನ ಫೋನು. ಯಾವುದೋ ಮಗುವಿನ ಹಲ್ಲಿನ ತಂತಿ ಕಿತ್ತು ಕೆನ್ನೆಗೆ ಚುಚ್ಚಿತ್ತು. “ಅರ್ಧ ಗಂಟೇಲಿ ಬಂದ್ಬಿಡ್ತೀನಿ ಮಾವ. ರೆಂಚ್ ಇಲ್ಲಿದೆ, ಯಾವ ಬೋಲ್ಟಿಗೆ ಎಷ್ಟು ಅಂತ ಚೀಟೀಲಿ ಬರ್ದಿದೀನಿ,” ಎಂದು ಓಡಿದ. ಮಗಳು ಔಷಧಿ ಅಂಗಡಿಯ ಕೆಲಸಕ್ಕೆ ಹೋಗಿದ್ದಳು. ಶೆಡ್ಡಿನಲ್ಲಿ ನಾನು, ಕಣ್ಣಿಲ್ಲದ ಕಿವಿಯಿಲ್ಲದ ಆ ಗಾಡಿ, ಇಬ್ಬರೇ.

ರೆಂಚ್ ಕೈಗೆತ್ತಿಕೊಂಡೆ. ಇಂತಿಷ್ಟು ಬಿಗಿಯಾದ ಕೂಡಲೇ ಟಕ್ ಎನ್ನುವ ರೆಂಚು. ಡಿಪೋದಲ್ಲಿ ಇದ್ದದ್ದಕ್ಕಿಂತ ಒಳ್ಳೆಯದು. ಚೀಟಿಯ ಅಕ್ಷರ ಇರುವೆಯಷ್ಟು. ಕನ್ನಡಕ ಮಹಡಿಯ ಮೇಲೆ. ಹದಿನಾರು ಮೆಟ್ಟಿಲು ಹತ್ತಿ ಇಳಿಯಬೇಕು, ಮಂಡಿ ನೋವು. ಇವೆಲ್ಲ ನೆಪ. ಸತ್ಯ ಏನೆಂದರೆ, ನನಗೆ ಆ ಗಾಡಿಯ ಮೇಲಿದ್ದ ತಾತ್ಸಾರ ಎಷ್ಟಿತ್ತೆಂದರೆ ಅದಕ್ಕಾಗಿ ರೆಂಚ್ ತಿರುಗಿಸುವುದೂ ದಂಡ ಅನ್ನಿಸಿತು. ಹೇಗೂ ಭಾನುವಾರ ಟ್ರ್ಯಾಕಿನಲ್ಲಿ ತಪಾಸಣೆ ಮಾಡುತ್ತಾರೆ. ಈ ಆಟದ ಸಾಮಾನನ್ನು ಬಾಗಿಲಲ್ಲೇ ವಾಪಸ್ ಕಳಿಸುತ್ತಾರೆ. ಓಡದ ಗಾಡಿಯ ಬೋಲ್ಟು ಬಿಗಿಯಾಗಿದ್ದರೇನು, ಸಡಿಲವಿದ್ದರೇನು? ಬ್ರಷ್ಷು ಅದ್ದಿದೆ. ಹದಿನಾಲ್ಕು ಗೆರೆ ಎಳೆದೆ. ಗೆರೆ ಮಾತ್ರ ನೇರವಾಗಿ, ಚೆಂದವಾಗಿ ಬಂದವು. ಅದಕ್ಕೆ ಕೈ ಪಳಗಿತ್ತು. ಹತ್ತು ನಿಮಿಷಕ್ಕೆಲ್ಲ ಮೇಲೆ ಬಂದು ಕೂತೆ.

ಅಳಿಯ ಬಂದು ನೋಡಿದವನು ಅಲ್ಲಿಂದಲೇ ಕೂಗಿದ. “ಮಾವ, ತುಂಬಾ ಥ್ಯಾಂಕ್ಸ್! ನಿಮ್ಮ ಗೆರೆ ಬಿತ್ತಲ್ಲ, ಇನ್ನು ನಂಗೆ ಭಯ ಇಲ್ಲ.” ಕೂತು ಒಂದೊಂದಕ್ಕೂ ತಂತಿ ಹೊಸೆಯಲು ಶುರು ಮಾಡಿದ. ನಾನು ಕಿಟಕಿ ಮುಚ್ಚಿಕೊಂಡೆ.

ಭಾನುವಾರ ನಾನೂ ಹೋದೆ. ಅಳಿಯನ ಸಂತೋಷಕ್ಕಲ್ಲ. ಅವನನ್ನು ವಾಪಸ್ ಕಳಿಸುವುದನ್ನು ಕಣ್ಣಾರೆ ನೋಡುವುದಕ್ಕೆ.

ಏನೆಂದು ಹೇಳಲಿ ಆ ಜಾತ್ರೆಯನ್ನು! ಬ್ಯಾಂಕಿನವರು, ವಕೀಲರು, ಬಟ್ಟೆ ಅಂಗಡಿಯವರು, ಎಲ್ಲರೂ ಚರ್ಮದ ಅಂಗಿ ಚಡ್ಡಿ ಒಂದೇ ಹೊಲಿಗೆಯಲ್ಲಿ ಹಾಕಿಕೊಂಡು, ಹೊಟ್ಟೆ ಒಳಗೆಳೆದುಕೊಂಡು, ಕಾಲು ಅಗಲಿಸಿ ನಡೆಯುತ್ತಿದ್ದರು. ಟೈರು ಬೆಚ್ಚಗಿರಲೆಂದು ಚಕ್ರಗಳಿಗೆ ಕಂಬಳಿ ಹೊದಿಸಿ ಕೂರಿಸಿದ್ದರು. ಮನೆಯಲ್ಲಿ ಹೆತ್ತ ತಾಯಿಗೆ ಹೊದಿಸುತ್ತಾರೋ ಇಲ್ಲವೋ. ಮಗಳು ಗಾಡಿಯ ಒಂದು ಪಕ್ಕ, ಅಳಿಯ ಇನ್ನೊಂದು ಪಕ್ಕ ಹಿಡಿದು ತಪಾಸಣೆಯ ಸಾಲಿಗೆ ತಳ್ಳಿಕೊಂಡು ಹೋದರು. ಹಿಂದೆ ನಾನು.

ತಪಾಸಣೆಯವನು ದಪ್ಪ ಮೀಸೆಯ ಆಸಾಮಿ. ಮೊದಲು ನನಗೆ ಅವನು ಬಹಳ ಇಷ್ಟವಾದ. ಮುಂದಿದ್ದವನ ರೇಡಿಯೇಟರಿಗೆ ಬೆರಳದ್ದಿ, ಉಜ್ಜಿ, ಜಾರುತ್ತದೆ ಎಂದು ವಾಪಸ್ ಕಳಿಸಿದ. ಅವನ ಹಿಂದಿನವನ ಎಣ್ಣೆ ಮುಚ್ಚಳಕ್ಕೆ ತಂತಿಯಿಲ್ಲ, ಅವನೂ ವಾಪಸ್. ಬಂತು, ನಮ್ಮ ಸರದಿ ಬಂತು ಎಂದು ಕೈ ಕಟ್ಟಿ ನಿಂತೆ.

ಹ್ಯಾಂಡಲ್ ಅಲ್ಲಾಡಿಸಿದ. ನೀರು ನೋಡಿದ. ಗಾಡಿಯ ಹೊಟ್ಟೆಯ ಕೆಳಗೆ, ಸೋರಿದ ಎಣ್ಣೆ ಹಿಡಿಯುವ ಬೋಗುಣಿಗೆ ಟಾರ್ಚ್ ಬಿಟ್ಟ. ತಂತಿಯ ಮೇಲೆ ಬೆರಳಾಡಿಸಿದವನು ಹಾಗೇ ನಿಂತ. “ಯಾರ್ರೀ ಇದನ್ನ ಕಟ್ಟಿದ್ದು?”

“ನಾನೇ. ಹಲ್ಲಿಗೆ ತಂತಿ ಹಾಕೋದೇ ನನ್ನ ಕೆಲಸ,” ಎಂದ ಅಳಿಯ.

ಮೀಸೆಯವನು ಜೋರಾಗಿ ನಕ್ಕು, ಅಕ್ಕಪಕ್ಕದ ನಾಲ್ಕು ಜನರನ್ನು ಕರೆದು ತೋರಿಸಿದ. ಆಮೇಲೆ ಪೆಟ್ಟಿಗೆಯಿಂದ ರೆಂಚ್ ತೆಗೆದುಕೊಂಡು ಮುಂದಿನ ಬ್ರೇಕಿನ ಬಳಿ ಕುಕ್ಕುರುಗಾಲಲ್ಲಿ ಕೂತ. ಅಲ್ಲಿ ಹಳದಿ ಗೆರೆ ಕಂಡಿತು.

“ಇದೇನು?”

“ನಮ್ಮ ಮಾವ ಹಾಕಿದ್ದು,” ಎಂದ ಅಳಿಯ, ಪಕ್ಕಕ್ಕೆ ಸರಿದು ನನ್ನನ್ನು ತೋರಿಸಿ. “ಮೂವತ್ತೊಂದು ವರ್ಷ ಬಸ್ ಡಿಪೋದಲ್ಲಿ ಬ್ರೇಕ್ ನೋಡ್ಕೊಂಡಿದ್ರು. ನಾನು ಬಿಗಿ ಮಾಡಿದ್ಮೇಲೆ ಒಂದೊಂದನ್ನೂ ಅವರು ರೆಂಚ್ ಹಾಕಿ ನೋಡಿ ಗೆರೆ ಎಳೆದಿದಾರೆ. ಅವರ ಗೆರೆ ಇಲ್ದೆ ಡ್ರೈವರ್‌ಗಳು ಬಸ್ಸೇ ಹತ್ತುತಿರ್ಲಿಲ್ಲ.”

ನನ್ನ ಕತೆಯನ್ನು ಹೆಂಡತಿಗಿಂತ ಚೆನ್ನಾಗಿ ಹೇಳಿದ. ಮೀಸೆಯವನು ಎದ್ದ. “ಅಂಥವರು ಕೈ ಇಟ್ಟ ಮೇಲೆ ನಾನೇನು ನೋಡೋದು ಹೇಳಿ,” ಎಂದು ರೆಂಚನ್ನು ಪೆಟ್ಟಿಗೆಗೆ ಹಾಕಿದ. ಹಾಕಿದ್ದನ್ನು ಈ ಕಣ್ಣಿನಿಂದ ನೋಡಿದೆ. ಎತ್ತು ಈಯಿತು ಅಂದರೆ ಕರು ಕಟ್ಟಿಹಾಕು ಅನ್ನುವ ಜಾತಿ! ತಪಾಸಣೆಯವನಂತೆ ತಪಾಸಣೆಯವನು! ಹಸಿರು ಸ್ಟಿಕರ್ ಅಂಟಿಸಿ, ನನ್ನ ಕೈ ಹಿಡಿದು ಕುಲುಕಿದ. “ನಿಮ್ಮಂಥವರು ಈಗ ಎಲ್ಲಿದಾರೆ ಸಾರ್?”

ಓಡದ ಗಾಡಿ ಇನ್ನು ಓಡಲಿತ್ತು.

ಚಕ್ರವನ್ನು ಅದುಮಿ ನಿಲ್ಲಿಸುವ ಬ್ರೇಕಿನ ಕ್ಯಾಲಿಪರನ್ನು ಹಿಡಿದುಕೊಂಡಿರುವುದೇ ಆ ಬೋಲ್ಟುಗಳು. ತಂತಿ ಅವನ್ನು ಬಿಗಿ ಮಾಡುವುದಿಲ್ಲ. ಸಡಿಲ ಇದ್ದದ್ದನ್ನು ಸಡಿಲವಾಗಿಯೇ ಕಟ್ಟಿಡುತ್ತದೆ. ಸಡಿಲ ಬೋಲ್ಟು ಬ್ರೇಕ್ ಹಿಡಿದಾಗಲೆಲ್ಲ ಒಂದೊಂದು ಪೆಟ್ಟು ತಿಂದು, ಯಾವುದೋ ತಿರುವಿನಲ್ಲಿ ಕತ್ತರಿಸುತ್ತದೆ. ಕ್ಯಾಲಿಪರ್ ಹೋಗಿ ಚಕ್ರಕ್ಕೆ ಸಿಕ್ಕಿಕೊಳ್ಳುತ್ತದೆ. ಗಾಡಿ ನಿಲ್ಲುತ್ತದೆ, ಕೂತವನು ನಿಲ್ಲುವುದಿಲ್ಲ. ಗಂಟೆಗೆ ನೂರ ಎಂಬತ್ತರಲ್ಲಿ ನನ್ನ ಮಗಳ ಗಂಡ.

ಅಳಿಯ ಕೈಗವಸು ಹಾಕಿಕೊಳ್ಳುತ್ತಿದ್ದ. ಹತ್ತಿರ ಹೋಗಿ, “ಡಾಕ್ಟ್ರೇ, ಹೋಗೋ ಮುಂಚೆ ಬ್ರೇಕಿನ ಬೋಲ್ಟು ಇನ್ನೊಂದ್ಸಲ ನೋಡ್ಕೊಂಬಿಡಿ,” ಎಂದೆ.

“ನೀವು ನೋಡಿದೀರಲ್ಲ ಮಾವ.”

“ಆದ್ರೂ.”

“ನೀವು ನೋಡಿದ್ಮೇಲೂ ನೋಡಿದ್ರೆ ನಿಮಗೆ ಅವಮಾನ ಮಾಡಿದ ಹಾಗೆ,” ಎಂದು ನಕ್ಕ. ಮತ್ತೆ ಅದೇ ನಗು.

ಮಗಳ ಬಳಿ ಹೋದೆ. “ರೆಂಚ್ ಎಲ್ಲಿದೆ?”

“ಮನೇಲಿ. ಅಪ್ಪ ನೋಡಿದ್ಮೇಲೆ ಅದ್ಯಾಕೆ ಹೊರೋದು ಅಂತ ತರ್ಲಿಲ್ಲ. ಯಾಕೆ?”

“ಅವರು ಬಿಗಿ ಮಾಡ್ದಾಗ ನೀನಿದ್ಯಾ?”

“ಇಲ್ಲಪ್ಪ, ನಾನು ಅಂಗಡೀಲಿದ್ದೆ. ಯಾಕೆ, ಏನಾಯ್ತು?”

ಏನಾಯ್ತು ಎಂದು ಹೇಗೆ ಹೇಳಲಿ? ಏನೂ ಇಲ್ಲ ಎಂದು ಈಚೆ ಬಂದೆ. ಉಪ್ಪಿನ ಡಬ್ಬಿಯ ಸ್ಕ್ರೂ ನೆನಪಾಯಿತು. ನೆಲದ ಮೇಲೆ ಉಳಿದ ವಾಷರು, ಮುರಿದ ಏಳು ಬಿಟ್, ಸ್ಟ್ಯಾಂಡಿನ ಸ್ವಿಚ್ಚು, ಎರಡು ಸಲ ಉಲ್ಟಾ ಕೂರಿಸಿದ ಬ್ರೇಕ್ ಪ್ಯಾಡು. ಒಂದೂ ಮರೆತಿರಲಿಲ್ಲ. ಆರು ತಿಂಗಳು ಸಿಹಿ ತಿಂದಂತೆ ಎಣಿಸಿ ಇಟ್ಟುಕೊಂಡದ್ದೆಲ್ಲ ಈಗ ಎದುರು ಬಂದು ನಿಂತಿತು. ಅವನು ದಡ್ಡ ಎಂದು ಊರಿಗೆಲ್ಲ ಹೇಳಿಕೊಂಡು ತಿರುಗಿದವನು, ದೇವರೇ ಅವನು ದಡ್ಡನಾಗದೆ ಇರಲಿ, ನನ್ನ ಮಾತು ಸುಳ್ಳಾಗಲಿ ಎಂದು ಬೇಡಿಕೊಂಡೆ. ಬೇಡಿಕೊಂಡೆನೇ ಹೊರತು ಬಾಯಿ ಬಿಡಲಿಲ್ಲ. ಅಷ್ಟು ಜನರ ಎದುರು, ಈಗ ತಾನೇ ಕೈ ಕುಲುಕಿದವನ ಎದುರು, ಹಳದಿ ಮೇಸ್ತ್ರಿ ಸುಳ್ಳು ಗೆರೆ ಎಳೆದ ಎಂದು ಹೇಗೆ ಹೇಳುವುದು? ಬಿಗಿಯಾಗೇ ಇರುತ್ತೆ ಬಿಡು ಎಂದು ನನಗೆ ನಾನೇ ಹೇಳಿಕೊಂಡೆ. ಡಿಪೋದಲ್ಲಿ ಈ ಮಾತು ಆಡಿದ ಮೂವರನ್ನು ನಾನು ಬ್ರೇಕಿನ ಕೆಲಸದಿಂದ ತೆಗೆಸಿದ್ದೆ.

ಮೈಕಿನಲ್ಲಿ ಕರೆದರು. ಗಾಡಿಗಳೆಲ್ಲ ಸಾಲಾಗಿ ಟ್ರ್ಯಾಕಿನ ಬಾಯಿಗೆ ಬಂದು ನಿಂತವು. ಅಳಿಯ ಆರನೆಯವನು. ಮೊದಲನೆಯವನನ್ನು ಬಿಟ್ಟರು. ಎರಡನೆಯವನು ಹೋದ. ಮೂರನೆಯವನು ಹೊರಡುವ ಹೊತ್ತಿಗೆ ನಾನು ಹಗ್ಗ ದಾಟಿದ್ದೆ. ಯಾರೋ ಹಿಂದಿನಿಂದ ಅಂಗಿ ಹಿಡಿದೆಳೆದರು. ಗುಂಡಿ ಕಿತ್ತು ಬಂತು. ಮಂಡಿ ನೋವು ಎಲ್ಲಿ ಹೋಗಿತ್ತೋ. ಓಡಿಹೋಗಿ ಅಳಿಯನ ಗಾಡಿಯ ಮುಂದೆ ಎರಡೂ ಕೈ ಚಾಚಿ ನಿಂತೆ.

ಹೆಲ್ಮೆಟ್ಟಿನ ಒಳಗಿನಿಂದ ಅವನು ಏನೋ ಕೇಳಿದ. ಎಂಜಿನ್ನುಗಳ ಸದ್ದಿನಲ್ಲಿ ನನ್ನ ಮಾತು ಅವನಿಗೆ ಹೋಗುತ್ತಿಲ್ಲ, ಅವನದು ನನಗೆ ಬರುತ್ತಿಲ್ಲ. ಬಾವುಟ ಹಿಡಿದವನು ಎಲ್ಲರ ಎಂಜಿನ್ನನ್ನೂ ನಿಲ್ಲಿಸಿದ. ನನಗೆ ಅದು ತಿಳಿಯಲಿಲ್ಲ. ಸದ್ದಿನ ಮೇಲೆ ಕೇಳಿಸಲೆಂದು ಎಳೆದುಕೊಂಡ ಉಸಿರು ನಿಶ್ಶಬ್ದದಲ್ಲಿ ಹೊರಗೆ ಬಂತು.

“ನಾನು ನೋಡೇ ಇಲ್ಲ! ರೆಂಚ್ ಮುಟ್ಸೇ ಇಲ್ಲ! ಸುಮ್ನೆ ಬಣ್ಣ ಬಳಿದೆ!”

ಟ್ರ್ಯಾಕಿನ ಆಚೆ ತುದಿಯವರಿಗೂ ಕೇಳಿಸಿರಬೇಕು.

ಗಾಡಿಯನ್ನು ಸಾಲಿನಿಂದ ಈಚೆಗೆ ತಳ್ಳಿದರು. ಮೀಸೆಯವನು ಬಂದು ನನ್ನತ್ತ ನೋಡದೆ, ಹಸಿರು ಸ್ಟಿಕರನ್ನು ಉಗುರಿನಿಂದ ಎಬ್ಬಿಸಿ ಕಿತ್ತ. ರೆಂಚ್ ತೆಗೆದ. ಅಳಿಯ ಹೆಲ್ಮೆಟ್ ಬಿಚ್ಚಿ, ಯಾವುದಕ್ಕೆ ಎಷ್ಟು ಬಿಗಿ ಎಂದು ಬಾಯಿಪಾಠ ಹೇಳುತ್ತ ಹೋದ. ಚೀಟಿ ಬೇಕಾಗಲಿಲ್ಲ. ಮೀಸೆಯವನು ಒಂದೊಂದಕ್ಕೂ ರೆಂಚ್ ಕೂರಿಸಿ ಒತ್ತಿದ.

ಟಕ್.

ಎರಡನೆಯದು, ಟಕ್. ಮೂರನೆಯದು. ಮಗಳು ಪಕ್ಕದಲ್ಲಿ ಕೂತು ಬೆರಳು ಮಡಿಸಿ ಎಣಿಸುತ್ತಿದ್ದಳು. ಹಿಂದಿನ ಚಕ್ರಕ್ಕೆ ಬಂದಾಗ ನಾನು ಕಣ್ಣು ಮುಚ್ಚಿದ್ದೆ. ಹದಿನಾಲ್ಕು ಬೋಲ್ಟು, ಹದಿನಾಲ್ಕು ಟಕ್. ಒಂದೂ ಕೂದಲೆಳೆಯಷ್ಟು ಅಲುಗಲಿಲ್ಲ. ಡಿಪೋದ ಒಳ್ಳೆಯ ದಿನಗಳಲ್ಲೂ ಹದಿನಾಲ್ಕರಲ್ಲಿ ಒಂದಾದರೂ ಕಾಲು ಸುತ್ತು ತಿರುಗುತ್ತಿತ್ತು. ಆ ಗಾಡಿಯಲ್ಲಿ ಕೆಟ್ಟ ಕೆಲಸ ಅಂತ ಇದ್ದದ್ದು ನನ್ನದೊಂದೇ.

“ಬೋಲ್ಟೆಲ್ಲ ಸರಿಯಾಗಿದೆ ಡಾಕ್ಟ್ರೇ,” ಎಂದ ಮೀಸೆಯವನು. “ಆದ್ರೆ ಈ ಹಳದಿ ಅಳಿಸಿ ತನ್ನಿ. ಸುಳ್ಳು ಗುರುತು ಇರೋ ಗಾಡಿ ನಾನು ಒಳಗೆ ಬಿಡಲ್ಲ. ಬೇರೆ ಯಾರಾದ್ರೂ ಕೂತು ನೋಡಿ ಹೊಸ ಗುರುತು ಹಾಕ್ಲಿ. ಮಧ್ಯಾಹ್ನದ ಸುತ್ತಿಗೆ ಬನ್ನಿ.” ಆಮೇಲೆ ತನ್ನಷ್ಟಕ್ಕೆ, ಆದರೆ ನನಗೆ ಕೇಳಿಸುವ ಹಾಗೆ, “ನಾನೂ ರೆಂಚ್ ಎತ್ತಿಟ್ಟೆ ನೋಡಿ, ನನಗೆ ಬುದ್ಧಿ ಇಲ್ಲ,” ಎಂದ.

ಬೆಳಗಿನ ಸುತ್ತು ಅಳಿಯನಿಗೆ ತಪ್ಪಿತು. ಅವನು ಬೆವರಿದ ಮುಖ ಒರೆಸಿಕೊಂಡು ನನ್ನ ಮುಂದೆ ನಿಂತ. ನಾನು ನಗುವನ್ನು ಕಾಯುತ್ತಿದ್ದೆ. ಅಷ್ಟು ವರ್ಷ ಬೈದದ್ದಕ್ಕೆಲ್ಲ ನಕ್ಕವನು, ಇದಕ್ಕೂ ನಕ್ಕುಬಿಡುತ್ತಾನೆ ಎಂದುಕೊಂಡೆ. ನಗಲಿಲ್ಲ.

“ನಂಗಾಗಲ್ಲ ಅಂತ ಅವತ್ತು ಒಂದು ಮಾತು ಹೇಳಿದ್ರೆ ಸಾಕಿತ್ತು ಮಾವ,” ಎಂದ. “ಬೇರೆ ಯಾರನ್ನಾದ್ರೂ ಕೇಳ್ತಿದ್ದೆ.”

ಅಷ್ಟೇ ಹೇಳಿ ಗಾಡಿಯ ಕಡೆ ತಿರುಗಿದ. ಕಿರುಚಿದ್ದರೆ ತಿರುಗಿ ಕಿರುಚುತ್ತಿದ್ದೆ.

ಮಗಳು ಎಲ್ಲಿಂದಲೋ ಥಿನ್ನರ್ ತಂದು, ಬಟ್ಟೆ ಅದ್ದಿ, ಗೆರೆಗಳನ್ನು ಉಜ್ಜತೊಡಗಿದಳು. ನನ್ನ ಹಳದಿ ಬಟ್ಟೆಗೆ ಬಂತು, ಅವಳ ಉಗುರಿಗೆ ಬಂತು. ಎಲ್ಲ ಅಳಿಸಿದ ಮೇಲೆ ಮೀಸೆಯವನ ರೆಂಚನ್ನು ಕೇಳಿ ಪಡೆದು, ಗಂಡ ಅಳತೆ ಹೇಳಿದಂತೆ, ಮತ್ತೆ ಮೊದಲಿನಿಂದ ಒಂದೊಂದನ್ನೂ ನೋಡಿ ಹೊಸ ಗುರುತು ಹಾಕುತ್ತ ಬಂದಳು. ರೆಂಚ್ ಹಿಡಿಯುವುದು ಅವಳಿಗೆ ಹೊಸತು, ಎರಡು ಕೈಯಲ್ಲಿ ಹಿಡಿದಿದ್ದಳು. ಮೊಣಕೈ ತುಂಬ ಹತ್ತಿರವಾಗಿತ್ತು. ಹಾಗೆ ಹಿಡಿದರೆ ಬೇಗ ಸುಸ್ತಾಗುತ್ತದೆ. ತಡೆಯಲಾಗದೆ ಬಗ್ಗಿ ಕೈ ನೀಡಿದೆ.

“ಕೊಡಮ್ಮ. ಈಗ ಸರಿಯಾಗಿ ನಾನು ನೋಡ್ತೀನಿ.”

“ಬೇಡಪ್ಪ,” ಎಂದಳು. ತಲೆ ಎತ್ತಲಿಲ್ಲ. “ನೀನು ಆ ಕಡೆ ನಿಂತ್ಕೋ.”

ಆ ಕಡೆ ಎಂದರೆ ಬೇಲಿಯಾಚೆ, ನೋಡಲು ಬಂದವರು ನಿಲ್ಲುವ ಜಾಗ. ಹೋಗಿ ನಿಂತೆ. ಬಿಸಿಲು ಏರಿತ್ತು. ಮಧ್ಯಾಹ್ನದ ಸುತ್ತಿಗೆ ಗಾಡಿಗಳು ಹೊರಟವು. ಕೆಂಪು ಗಾಡಿ ಒಂದು ಸುತ್ತು ಬಂದು ನಮ್ಮ ಮುಂದೆ ಹಾದು, ತಿರುವಿಗೆ ಮುಂಚೆ ಬ್ರೇಕ್ ಹಿಡಿಯಿತು. ಗಾಡಿಯ ಮೂತಿ ತಗ್ಗಿತು, ಮುಂದಿನ ಚಕ್ರ ಅದುರಲಿಲ್ಲ, ಅಲ್ಲಾಡಲಿಲ್ಲ. ಬೆಣ್ಣೆಯ ಹಾಗೆ ತಿರುಗಿಕೊಂಡು ಹೋಯಿತು. ನಾನು ಹಿಡಿದ ಬೇಲಿಯನ್ನು ಬಿಡಲಿಲ್ಲ.

ಪಕ್ಕದಲ್ಲಿ ನಿಂತಿದ್ದ ಟೋಪಿಯವರೊಬ್ಬರು ಈಗ ತಾನೇ ಬಂದವರು. ಬೆಳಗಿನ ನನ್ನ ಕೂಗು ಕೇಳಿಸಿಕೊಂಡಿರಲಿಲ್ಲ.

“ಆ ಕೆಂಪು ಗಾಡಿ ಚೆನ್ನಾಗಿ ಬ್ರೇಕ್ ಹಿಡಿಯುತ್ತೆ ನೋಡಿ,” ಎಂದರು. “ನಿಮ್ಮವರಾ?”

“ಅಳಿಯ.”

“ಯಾವ ಗ್ಯಾರೇಜಲ್ಲಿ ಮಾಡ್ಸಿದ್ದು?”

“ಮನೇಲೇ ಮಾಡ್ಕೊಂಡ್ರು. ಎಲ್ಲಾ ಅವರೇ.”

“ಓಹೋ! ಮತ್ತೆ ನೀವೂ ಒಂದು ಕೈ ಹಚ್ಚಿರ್ಬೇಕಲ್ಲ?”

ಕೆಂಪು ಗಾಡಿ ಮತ್ತೆ ಬಂತು, ಹೋಯಿತು. ಸದ್ದು ಇಳಿಯುವವರೆಗೂ ಕಾದೆ.

“ಇಲ್ಲ,” ಎಂದೆ. “ಅವರು ಕೇಳಿದ್ರು. ನಾನೇ ಮಾಡ್ಲಿಲ್ಲ.”